ಶನಿಯನ್ನು ನೋಡಿ ಅವ್ವ ನಕ್ಕಿದ್ದು

ಮೆಂತ್ಯದ ಡಬ್ಬಿಯ ಮುಚ್ಚಳ ದೂರದರ್ಶಕದ ಬಾಯಿಗೆ ಸರಿಯಾಗಿ ಕೂರುತ್ತಿತ್ತು. ಅದರ ಸ್ವಂತ ಮುಚ್ಚಳ ಅಪ್ಪನ ಶಾಲೆಗೆ ಬರುವಾಗಲೇ ಇರಲಿಲ್ಲ. ಗಾಜಿಗೆ ದೂಳು ಕೂರಬಾರದೆಂದು ಅಪ್ಪ ಅಡುಗೆಮನೆಯ ಹಲಗೆಯಿಂದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಸಾಸಿವೆಯದು, ಜೀರಿಗೆಯದು, ಹುಣಸೆಹಣ್ಣಿನದು ಎಂದು ಒಂದೊಂದೇ ಮುಚ್ಚಳ ಹಾಕಿ ನೋಡಿದ್ದ. ಕೊನೆಗೆ ಮೆಂತ್ಯದ್ದು ಕೂತಿತು. ದೂರದರ್ಶಕ ನಮ್ಮ ಮನೆಯಲ್ಲಿದ್ದ ಎರಡು ದಿನವೂ ಮೆಂತ್ಯದ ಡಬ್ಬಿ ಬಾಯಿ ತೆರೆದುಕೊಂಡೇ ಇತ್ತು, ದೂರದರ್ಶಕ ಮೆಂತ್ಯದ ವಾಸನೆ ಹೊಡೆಯುತ್ತಿತ್ತು.

"ನಮ್ಮನೆ ಮುಚ್ಳ ಎಲ್ಲ ಆಕಾಸಕ್ಕೆ ಓಯ್ತಾ ಅವೆ," ಎಂದು ಅವ್ವ ಒಲೆಯ ಮುಂದಿನಿಂದ ಹೇಳಿದಳು. "ನಾಳೆ ಇಟ್ಟಿನ್ ಪಾತ್ರೇನೂ ತಕ್ಕೊಂಡೋಗಿ."

"ಕೊಟ್ರೆ ತಕ್ಕೊಂಡೋಯ್ತೀನಿ," ಎಂದ ಅಪ್ಪ.

ಅಪ್ಪ ಮಳವಳ್ಳಿಯ ಒಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದ. ಗಾಜಿನ ನಳಿಗೆ ತೊಳೆಯುವುದು, ಬೀರುವಿಗೆ ಬೀಗ ಹಾಕುವುದು, ಮೇಷ್ಟರು ಪಾಠ ಮಾಡುವಾಗ ಮೇಜಿನ ಮೇಲೆ ಸಾಮಾನು ಜೋಡಿಸಿ ಬಾಗಿಲ ಬಳಿ ನಿಲ್ಲುವುದು ಅವನ ಕೆಲಸ. ಹಾಗೆ ನಿಂತು ನಿಂತೇ ಅವನು ಹತ್ತನೇ ತರಗತಿಯ ವಿಜ್ಞಾನವನ್ನು ಹದಿನಾರು ಸಲ ಕೇಳಿದ್ದ. ನಮ್ಮದು ಒಂದರ ಹಿಂದೆ ಒಂದು ಮೂರು ಕೋಣೆಯ ಹೆಂಚಿನ ಮನೆ. ಬೀದಿಬಾಗಿಲಲ್ಲಿ ನಿಂತರೆ ನಡುಮನೆ, ಅಡುಗೆಮನೆ ದಾಟಿ ಹಿತ್ತಿಲಿನ ಒಗೆಯುವ ಕಲ್ಲಿನವರೆಗೂ ಕಾಣುತ್ತಿತ್ತು. ಆದ್ದರಿಂದ ಮನೆಯಲ್ಲಿ ಯಾರ ಮಾತೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಅಪ್ಪ ಹಿತ್ತಿಲಲ್ಲಿ ಅಂದದ್ದಕ್ಕೆ ಅಜ್ಜಿ ಜಗಲಿಯಿಂದ ಉತ್ತರ ಕೊಡುತ್ತಿದ್ದಳು. ನಾನೂ ಆ ಮನೆಯಲ್ಲೇ ಒಂದು ಮಾತು ಆಡಿದೆ. ಈ ಅಧ್ಯಾಯ ಅದರ ಬಗ್ಗೆ. ಆಡಿದ್ದು ಒಂದು ವಾಕ್ಯ, ಹದಿನಾರನೇ ವಯಸ್ಸಿನಲ್ಲಿ. ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ್ದು ಹದಿನಾಲ್ಕು ವರ್ಷದ ಮೇಲೆ.

ಅಜ್ಜಿ, ಎಂದರೆ ಅಪ್ಪನ ತಾಯಿ, ಶನಿಯ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. 'ಸ್ವಾಮಿ' ಎನ್ನುತ್ತಿದ್ದಳು. ಶನಿವಾರ ಗುಡಿಗೆ ಹೋದರೆ ವಿಗ್ರಹದ ಎದುರು ನಿಲ್ಲದೆ ಕಂಬದ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಅವನ ಪಾದ ಮಾತ್ರ ನೋಡಿ ಕೈಮುಗಿಯುತ್ತಿದ್ದಳು. ಅವನ ಕಣ್ಣು ನೇರವಾಗಿ ಬೀಳಬಾರದು, ನಮ್ಮ ಕಣ್ಣೂ ಅವನ ಮುಖಕ್ಕೆ ಹೋಗಬಾರದು. ಹೊರಡುವಾಗ 'ಬತ್ತೀನಿ' ಎನ್ನುವ ಹಾಗೂ ಇಲ್ಲ. ಅಂದರೆ ಅವನೇ ಹಿಂದೆ ಬರುತ್ತಾನೆ. ಆ ವರ್ಷ ಅಪ್ಪನಿಗೆ ಏಳೂವರೆ ವರ್ಷದ ಶನಿಕಾಟ ನಡೆಯುತ್ತಿದೆ ಎಂದು ಯಾರೋ ಪಂಚಾಂಗ ನೋಡಿ ಹೇಳಿದ್ದರು. ಅಪ್ಪ ಅದನ್ನು ಕೇಳಿ ಕಾಗದ ತೆಗೆದುಕೊಂಡು, ಒಂದು ರಾಶಿಗೆ ಎರಡೂವರೆ ವರ್ಷದಂತೆ ಹನ್ನೆರಡು ರಾಶಿಗೆ ಮೂವತ್ತು ವರ್ಷ ಎಂದು ಗುಣಿಸಿ, ಪಠ್ಯಪುಸ್ತಕದಲ್ಲಿ ಶನಿ ಸೂರ್ಯನನ್ನು ಸುತ್ತಲು ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿದ. "ನೋಡವ್ವ, ನಿಮ್ಮೋರೂ ನಮ್ಮೋರೂ ಒಂದೇ ಲೆಕ್ಕ ಏಳವ್ರೆ," ಎಂದ. ಅಜ್ಜಿ ಕಾಗದದ ಕಡೆಗೆ ತಿರುಗಲಿಲ್ಲ. "ಲೆಕ್ಕ ಸರಿ ಇದ್ಮೇಲೆ ಎದರ್ಕಳಾ ಮತ್ತೆ," ಎಂದಳು.

ದೂರದರ್ಶಕ ಶಾಲೆಗೆ ಬಂದಿದ್ದು ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ. ಬೀರುವಿನಲ್ಲಿ ಸುಮ್ಮನೆ ಇರುವುದನ್ನು ನೋಡಿ, ಹೆಡ್‌ಮೇಷ್ಟರನ್ನು ಕೇಳಿ, ಅಪ್ಪ ಎರಡು ದಿನದ ಮಟ್ಟಿಗೆ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದ. ನಾನು ಒಂದು ತಿಂಗಳಿಂದ ಪೀಡಿಸುತ್ತಿದ್ದೆ. ಎರಡನೆಯ ದಿನ ಸಂಜೆ ಮುದ್ದೆಗೆ ಎಸರಿಡುವ ಹೊತ್ತಿಗೆ ಕರೆಂಟು ಹೋಯಿತು. ಬೀದಿಯ ದೀಪಗಳೆಲ್ಲ ಆರಿದವು. ಅಪ್ಪ ಒಗೆಯುವ ಕಲ್ಲಿನ ಪಕ್ಕ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಬಹಳ ಹೊತ್ತು ಬಗ್ಗಿ, ಕೊನೆಗೆ ನನ್ನನ್ನು ಕರೆದ. ಕಂಡದ್ದು ಅಕ್ಕಿಕಾಳಿಗಿಂತ ಚಿಕ್ಕದು. ಆದರೆ ಅದಕ್ಕೆ ಉಂಗುರವಿತ್ತು. ಚಿತ್ರದಲ್ಲಿ ಬರೆದಿರುತ್ತಾರಲ್ಲ, ಹಾಗೇ ಇತ್ತು. ಭೂಮಿ ತಿರುಗುವುದರಿಂದ ಅದು ಮೆಲ್ಲಗೆ ಅಂಚಿಗೆ ಜಾರುತ್ತಿತ್ತು, ಅಪ್ಪ ಬೆರಳಿನಿಂದ ನಳಿಗೆಯನ್ನು ತಳ್ಳಿ ಮತ್ತೆ ನಡುವಿಗೆ ತರುತ್ತಿದ್ದ. ಆಮೇಲೆ ಅವ್ವನನ್ನು ಕರೆದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನೂ ಕಾಣ್ತಾ ಇಲ್ವಲ್ಲ."

"ಒಂದ್ ಕಣ್ಣು ಮುಚ್ಚು."

"ಒಂದ್ ಮುಚ್ಚುದ್ರೆ ಎಲ್ಡೂ ಮುಚ್ಕತವೆ, ನಾನೇನ್ ಮಾಡ್ಲಿ."

ಅಪ್ಪ ತನ್ನ ಅಂಗೈಯನ್ನು ಅವಳ ಎಡಗಣ್ಣಿನ ಮೇಲೆ ಇಟ್ಟ. ಅವನು ಅವಳನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವ್ವ ಮತ್ತೆ ಬಗ್ಗಿ ಇನ್ನೊಂದು ಕಣ್ಣನ್ನು ಗಾಜಿಗೆ ಒತ್ತಿದಳು. ಆಮೇಲೆ ಅವಳ ಭುಜ ಅಲುಗಾಡಿತು.

"ಅಯ್ಯೋ, ಬಳೆ ತೊಟ್ಟವ್ನೆ ಕಣ್ರೀ!" ಎಂದಳು. "ಇಷ್ಟೇ ಇಷ್ಟು ಅವ್ನೆ, ಎಳೆಮಗಿನ್ ಬಳೆ ತೊಡ್ಕಂಡು. ಇವುನ್ಗಾ ಅತ್ತೆ ಅಷ್ಟೊಂದು ಎದ್ರದು?"

ಅವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಕತ್ತು ಹಿಂದಕ್ಕೆ ಹಾಕಿ ನಕ್ಕಳು. ಒಳಗಿನಿಂದ ಅಜ್ಜಿಯ ದನಿ ಬಂತು.

"ಯಾರ್ಲಾ ಅದು ನಗ್ತಾ ಇರದು? ಒಳಕ್ ಬಾರಮ್ಮಿ, ಎಸರು ಉಕ್ತಾ ಅದೆ."

"ನೀನೂ ಬಾರವ್ವ, ಒಂದ್ಕಿತ ನೋಡು. ಏನೂ ಮಾಡಕಿಲ್ಲ," ಎಂದ ಅಪ್ಪ.

"ನಂಗ್ಯಾಕಪ್ಪ. ನಾನು ಅವನ್ ಪಾದ ನೋಡ್ಕಂಡಿರ್ತೀನಿ, ಅಷ್ಟು ಸಾಕು."

ಹನ್ನೆರಡು ದಿನ ಕಳೆದ ಮೇಲೆ ಅಪ್ಪ ಶಾಲೆಯಲ್ಲಿ ಬೆಂಚುಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದವನು, ಒಂದು ಬೆಂಚಿನ ಮೇಲೆ ಕುಳಿತು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಹೋಗಿದ್ದ. ಆಗ ನನಗೆ ಹನ್ನೊಂದು ವರ್ಷ. ಕಾರ್ಯದ ದಿನ ಅವ್ವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬಳೆ ಒಡೆದರು. ಬಸರಾಳಿನಿಂದ ಬಂದಿದ್ದ ಅವಳ ಅಕ್ಕ ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ನನಗೆ ಸದ್ದು ಮಾತ್ರ ಕೇಳಿಸಿತು. ಮೂರು ವಾರದ ಕೆಳಗೆ ಅದೇ ಜಾಗದಲ್ಲಿ ಅವ್ವ ಏನೆಂದು ನಕ್ಕಿದ್ದಳು ಎಂಬುದು ಆ ದಿನ ಯಾರ ನೆನಪಿಗೂ ಬರಲಿಲ್ಲ. ಅಜ್ಜಿ ಕೂಡ ಅದನ್ನು ಎತ್ತಲಿಲ್ಲ. "ನನ್ ಮಗುನ್ ಆಯಸ್ಸು ಅಷ್ಟೇ ಇತ್ತು," ಎಂದಳು, ಅಷ್ಟೇ. ಸ್ವಾಮಿಗೆ ಅಷ್ಟೊಂದು ಹೆದರುವವಳು ಸೊಸೆಯ ನಗುವನ್ನೂ ಮಗನ ಸಾವನ್ನೂ ಒಂದಕ್ಕೊಂದು ಕಟ್ಟಲಿಲ್ಲ. ಕಟ್ಟಿದವಳು ನಾನು.

ಅಪ್ಪನ ಜಾಗದಲ್ಲಿ ಅನುಕಂಪದ ಮೇಲೆ ಅವ್ವನಿಗೆ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಗಂಟೆ ಹೊಡೆಯುವುದು, ಕೋಣೆ ಗುಡಿಸುವುದು. ಬೀರುವಿನ ಬೀಗದಕೈಯೂ ಅವಳ ಸೊಂಟಕ್ಕೆ ಬಂತು. ಮನೆಯಲ್ಲಿ ಮೂವರು ಹೆಂಗಸರು ಉಳಿದೆವು. ಅಡುಗೆ ಬೆಳಿಗ್ಗೆಯೇ ಆಗುತ್ತಿತ್ತು. ಸಂಜೆ ಬಸ್ಸಾರು ಬಿಸಿ ಮಾಡಿ ಮುದ್ದೆ ಮಾತ್ರ ಹೊಸದಾಗಿ ತಿರುವುತ್ತಿದ್ದಳು. ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಮುರಿದೂ ಹೋಗಿರಲಿಲ್ಲ. ಅಜ್ಜಿಯ ಜೊತೆ ಎಲೆಅಡಿಕೆಗೆ ಜಗಳವಾಡುತ್ತಿದ್ದಳು, ಶಾಲೆಯ ಮಕ್ಕಳ ನಡಿಗೆ ಅಣಕಿಸಿ ನಮ್ಮನ್ನು ನಗಿಸುತ್ತಿದ್ದಳು. ಶನಿವಾರ ಗುಡಿಗೆ ಅಜ್ಜಿ ಒಬ್ಬಳೇ ಹೋಗುತ್ತಿದ್ದಳು. ಅವ್ವ ಬಟ್ಟೆ ಒಗೆಯುತ್ತಿದ್ದಳು. ನಾನು ಆ ಮಾತು ಆಡುವ ತನಕ ಹೀಗೆ ನಡೆಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಅದು. ಮಂಡ್ಯದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೀಟೂ ಹಾಸ್ಟೆಲ್ಲೂ ಸಿಕ್ಕಿತ್ತು. ಅವ್ವನಿಗೆ ನಾನು ಮನೆಯಿಂದ ಹೊರಗೆ ಇರುವುದು ಬೇಕಿರಲಿಲ್ಲ. ಇಲ್ಲೇ ಮಳವಳ್ಳಿಯಲ್ಲಿ ಯಾವುದಾದರೂ ಓದು ಎಂದಳು. ನಾಲ್ಕು ದಿನ ಇಬ್ಬರೂ ಹಟ ಮಾಡಿದೆವು. ಐದನೆಯ ದಿನ ಸಂಜೆ ಅವಳು ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು ಕೋಲಿನಿಂದ ಹಿಟ್ಟು ತಿರುವುತ್ತಿದ್ದಳು.

"ಇರೋಳು ಒಬ್ಳು ಮಗ್ಳು. ಕಳ್ಸಕಿಲ್ಲ ಅಂದ್ರೆ ಕಳ್ಸಕಿಲ್ಲ."

"ಅಪ್ಪ ಇದ್ದಿದ್ರೆ ಕಳಿಸ್ತಿತ್ತು."

"ಅವ್ರಿದ್ದಿದ್ರೆ ಅವ್ರೂ ಕಳಿಸ್ತಿರ್ನಿಲ್ಲ, ಬುಡು."

ಆಗ ನಾನು ಹೇಳಿದೆ. "ಅವತ್ತು ನೀನು ಶನಿನ ನೋಡಿ ನಗದೆ ಇದ್ದಿದ್ರೆ ಅಪ್ಪ ಇವತ್ತೂ ಇರ್ತಿತ್ತು."

ನಾನು ಅದನ್ನು ನಂಬಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಶನಿ ಎಷ್ಟು ದೂರದಲ್ಲಿದೆ, ಅದರ ಬೆಳಕು ನಮ್ಮ ಹಿತ್ತಿಲಿಗೆ ಬರಲು ಒಂದು ಗಂಟೆಯ ಮೇಲೆ ಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. ನೋವಾಗುವಂಥದ್ದು ಏನಾದರೂ ಬೇಕಾಗಿತ್ತು, ಕೈಗೆ ಸಿಕ್ಕಿದ್ದರಲ್ಲಿ ಅದೇ ಹರಿತವಾಗಿತ್ತು. ಜಗಲಿಯಲ್ಲಿದ್ದ ಅಜ್ಜಿ ಎಲೆ ಮಡಿಸುವುದನ್ನು ನಿಲ್ಲಿಸಿದ್ದು ನನಗೆ ಅಡುಗೆಮನೆಯಿಂದಲೇ ಕಾಣಿಸಿತು. ಅವ್ವನ ಕೈ ನಿಲ್ಲಲಿಲ್ಲ. ಹಿಟ್ಟು ತಿರುವಿ ಮುಗಿಸಿ, ಮಣೆಯ ಮೇಲೆ ಹಾಕಿ, ಕೈ ಒದ್ದೆ ಮಾಡಿಕೊಂಡು ಎರಡು ಮುದ್ದೆ ಕಟ್ಟಿದಳು. ಒಂದನ್ನು ಅಜ್ಜಿಗೆ ಕೊಟ್ಟಳು, ಒಂದನ್ನು ನನ್ನ ತಟ್ಟೆಗೆ ಹಾಕಿದಳು.

"ತಿನ್ನು, ಆರೋಯ್ತದೆ," ಎಂದಳು.

ಮುಂದಿನ ವಾರ ಅವಳೇ ನನ್ನ ಟ್ರಂಕು ತುಂಬಿದಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಟ್ರಂಕಿನ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದಿದ್ದೆವು. ಮಂಡ್ಯದ ಹಾಸ್ಟೆಲ್ಲಿನ ಮುಂದೆ ಎಣ್ಣೆ ಸ್ನಾನ ಬಿಡಬೇಡ ಎಂದಷ್ಟೇ ಹೇಳಿದಳು. ನಾನು ಬೇಡಿದ್ದು ನನಗೆ ಸಿಕ್ಕಿತ್ತು. ಅದು ಯಾವ ಮಾತಿನಿಂದ ಸಿಕ್ಕಿತು ಎಂಬುದನ್ನು ನಾನು ಎಂದೂ ಮರೆಯಲಿಲ್ಲ.

ದಸರಾ ರಜೆಗೆ ಬಂದಾಗ ಅವ್ವ ನಡುಮನೆಯಲ್ಲಿ ಕುಳಿತು ಕಪ್ಪು ಬಟ್ಟೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸುತ್ತಿದ್ದಳು. ಒಂದೊಂದರಲ್ಲೂ ಒಂದು ಚಿಟಿಕೆ ಎಳ್ಳು ಇಟ್ಟು ಗಂಟು ಕಟ್ಟಿ, ಎಣ್ಣೆಯಲ್ಲಿ ಅದ್ದಿಡುತ್ತಿದ್ದಳು. ಗುಡಿಯಲ್ಲಿ ಹಚ್ಚುವ ಎಳ್ಳಿನ ದೀಪ ಅದು.

"ನಿಮ್ಮವ್ವ ಸನ್ವಾರ ಒಪ್ಪತ್ತು ಇಡ್ಕಂಡವ್ಳೆ," ಎಂದು ಅಜ್ಜಿ ನನಗೆ ಹೇಳಿದಳು. ಒಪ್ಪತ್ತು ಎಂದರೆ ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಏನೂ ಇಲ್ಲ. ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. "ಯಾಕಂತ ನಾನ್ ಕೇಳ್ನಿಲ್ಲ. ನೀನೂ ಕೇಳ್ಬ್ಯಾಡ."

ನಾನು ಕೇಳಲಿಲ್ಲ. ಕೇಳಿದರೆ ಅವಳು ಹೇಳಬೇಕಾಗುತ್ತಿತ್ತು, ಆಮೇಲೆ ನಾನೂ ಹೇಳಬೇಕಾಗುತ್ತಿತ್ತು. ಆ ಶನಿವಾರ ಅವಳ ಜೊತೆ ಗುಡಿಗೆ ಹೋದೆ. ಅವ್ವ ಕಂಬದ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಪಾದ ಮಾತ್ರ ನೋಡಿದಳು. ಅವಳಿಗೆ ಆಗ ನಲವತ್ತೂ ತುಂಬಿರಲಿಲ್ಲ. ಅಜ್ಜಿ ಹೋದ ಮೇಲೂ ಅದು ತಪ್ಪಲಿಲ್ಲ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದೆ. ಆಮೇಲೆ ದೂರದ ಒಂದು ಊರಿನಲ್ಲಿ ಶನಿಯ ಸಣ್ಣ ಉಪಗ್ರಹಗಳನ್ನು ಹುಡುಕುವ ಗುಂಪಿನಲ್ಲಿ ಕೆಲಸಕ್ಕೆ ಸೇರಿದೆ. ಶನಿಯನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದವರಿಗೆ ಜಾಗ ಅಲ್ಲೇ ಖಾಲಿಯಿತ್ತು ಎಂದು ಹೇಳುತ್ತ ಬಂದಿದ್ದೇನೆ. ನಾವು ಹುಡುಕುತ್ತಿದ್ದದ್ದು ಕೆಲವೇ ಕಿಲೋಮೀಟರ್ ಅಗಲದ ಕಲ್ಲುಬಂಡೆಗಳು, ಶನಿಯಿಂದ ಬಹಳ ದೂರದಲ್ಲಿ ಸುತ್ತುವಂಥವು. ಒಂದೇ ಚಿತ್ರದಲ್ಲಿ ಅವು ಕಾಣುವುದಿಲ್ಲ. ಗಂಟೆಗಟ್ಟಲೆ ತೆಗೆದ ಚಿತ್ರಗಳನ್ನು ಶನಿಯ ನಡಿಗೆಗೆ ಸರಿಯಾಗಿ ಸರಿಸಿ, ಒಂದರ ಮೇಲೊಂದು ಇಡಬೇಕು. ಆಗ ನಕ್ಷತ್ರಗಳೆಲ್ಲ ಗೀಟುಗಳಾಗುತ್ತವೆ. ಶನಿಯ ಜೊತೆ ನಡೆಯುವುದು ಮಾತ್ರ ಚುಕ್ಕಿಯಾಗಿ ಉಳಿಯುತ್ತದೆ. ಅಂಥ ಒಂದು ಚುಕ್ಕಿಯನ್ನು ನಾನು ಮೊದಲು ಕಂಡೆ. ಎರಡು ವರ್ಷದ ಚಿತ್ರಗಳಲ್ಲಿ ಅದು ಇತ್ತು. ಮೂರನೆಯ ವರ್ಷವೂ ಲೆಕ್ಕ ಹಾಕಿದ ಜಾಗದಲ್ಲೇ ಸಿಕ್ಕರೆ ಅದರ ದಾರಿ ಖಚಿತವಾಗಿ, ಉಪಗ್ರಹಗಳ ಪಟ್ಟಿಗೆ ಸೇರುತ್ತಿತ್ತು. ಆ ಮೂರನೆಯ ವರ್ಷದ ಚಿತ್ರಗಳು ಆಗ ಬರತೊಡಗಿದ್ದವು. ಗುಂಪಿಗೆ ಸೇರಿದಂದಿನಿಂದ ಆರು ವರ್ಷ ನಾನು ಕಾದದ್ದು ಇದಕ್ಕೆ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಸಾಕಮ್ಮನ ಫೋನು ಬಂತು. "ನಿಮ್ಮವ್ವ ಗುಡಿ ಮೆಟ್ಲ ಮೇಲೆ ಬಿದ್ಬುಟ್ಳು ಕಣವ್ವ," ಎಂದಳು. ಅವ್ವನಿಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ, ಹೊಟ್ಟೆಗೆ ಏನೂ ಹಾಕದೆ ಸಂಜೆಯವರೆಗೆ ಇದ್ದು, ದೀಪ ಹಚ್ಚಲು ಬಗ್ಗಿದವಳು ಅಲ್ಲೇ ಕುಸಿದಿದ್ದಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ನಾನು ಊರಿಗೆ ಬಂದ ಮೇಲೆ ಮಂಡ್ಯದ ಡಾಕ್ಟರು ಅವ್ವನ ಎದುರಿಗೇ, ಇನ್ನೊಂದು ಸಲ ಹೀಗೆ ಉಪವಾಸವಿದ್ದು ಬಿದ್ದರೆ ಏಳುವುದು ಕಷ್ಟ ಎಂದರು. ನಾನು ರಜೆ ಹಾಕಿ ಮಳವಳ್ಳಿಯಲ್ಲಿ ಉಳಿದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಅವಳು ಒಪ್ಪತ್ತು ಬಿಡುತ್ತಾಳೆ ಎಂಬುದು ನನ್ನ ಲೆಕ್ಕವಾಗಿತ್ತು. ಶುಕ್ರವಾರ ಮಧ್ಯಾಹ್ನ ಇಬ್ಬರೂ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು.

"ಅವ್ವ, ನಾಳೆ ಒಪ್ಪತ್ತು ಬೇಡ."

"ಊಂ, ನೋಡಾನ."

"ನೋಡೋದಲ್ಲ. ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ಯಲ್ಲ?"

"ಆವಯ್ಯಂಗೇನು. ತಿನ್ಬ್ಯಾಡ ಅಂತನೂ ಅಂತನೆ, ತಿನ್ನು ಅಂತನೂ ಅಂತನೆ."

ನಾನು ಕಾಯಿ ಕೆಳಗಿಟ್ಟೆ. ಹಾಸ್ಟೆಲ್ಲಿಗೆ ಹೋಗುವ ಮುಂಚೆ ಅಪ್ಪನ ಬಗ್ಗೆ ಒಂದು ಮಾತು ಅಂದಿದ್ದೆನಲ್ಲ, ಅದು ಸುಳ್ಳು, ಅನ್ನುವಾಗಲೇ ಸುಳ್ಳು ಎಂದು ನನಗೆ ಗೊತ್ತಿತ್ತು ಎಂದೆ. ಹದಿನಾಲ್ಕು ವರ್ಷ ಮನಸ್ಸಿನಲ್ಲಿ ತಿದ್ದಿದ್ದ ವಾಕ್ಯಗಳು ಇಷ್ಟು ಚಿಕ್ಕದಾಗಿ ಬಂದವು. ಅವ್ವ ಒಂದು ಕಾಯಿ ಬಿಡಿಸಿ, ಹುಳ ಇದೆಯೇ ಎಂದು ನೋಡಿ, ಕಾಳನ್ನು ಮೊರಕ್ಕೆ ಹಾಕಿದಳು.

"ಗೊತ್ತು ಕಣವ್ವ."

"ಗೊತ್ತಾ?"

"ಮದ್ಲು ಗೊತ್ತಿರ್ನಿಲ್ಲ. ನೀನು ಓದ್ದೋಳು, ನೀನೇ ಅಂದ್ಮೇಲೆ ಇರ್ಬೋದೇನೋ ಅಂತ ಒಪ್ಪತ್ತು ಇಡ್ದೆ. ಆಮೇಕೆ ನಿಮ್ಮಪ್ಪನ್ ಪೆಟ್ಗೇ ತಳದಾಗೆ ಆಸ್ಪತ್ರೆ ಚೀಟಿ ಸಿಕ್ತು. ಎದೆನೋವು ಅಂತ ತೋರ್ಸ್ಕಂಡವ್ರೆ, ನಂಗೂ ಏಳ್ದೆ. ಅದುಕ್ಕೇ ಜೀವ ಓಯ್ತು. ನಾನ್ ನಕ್ಕಿದ್ಕಲ್ಲ."

"ಮತ್ತೆ ಯಾಕವ್ವ ಬಿಡ್ಲಿಲ್ಲ?"

"ಬುಡಾನ ಅಂತ್ಲೇ ಇದ್ದೆ. ಅಷ್ಟೊತ್ಗೆ ನೀನು ಆ ಕೆಲ್ಸದ್ ಕಾಗ್ದ ತಕ್ಕೊಂಡ್ ಬಂದು, ಇನ್ಮೇಲೆ ಅವುನ್ನೇ ಓದ್ತೀನಿ ಅಂದೆ." ಅವ್ವ ಮೊದಲ ಸಲ ನನ್ನ ಕಡೆ ನೋಡಿದಳು. "ನಾನ್ ಒಂದ್ಕಿತ ನೋಡ್ದೋಳು. ನೀನು ದಿನಾ ಅವುನ್ ಎದ್ರುಗೇ ಕುಂತಿರ್ತೀಯ. ಇದು ನಿಂಗೆ ಕಣೆ."

ಅದು ಅನಿಲದ ಒಂದು ದೊಡ್ಡ ಉಂಡೆ, ನಾನು ನೋಡುವುದು ಅದನ್ನಲ್ಲ, ಅದರ ಸುತ್ತಲಿನ ಕಲ್ಲುಗಳನ್ನು, ಅದೂ ಕಂಪ್ಯೂಟರಿನಲ್ಲಿ ಎಂದೆಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು.

"ಆಗ್ಲಿ. ಗಾಳಿನೇ ಆಗ್ಲಿ. ನಿಂಗೇನಾರ ಆದ್ರೆ ನಾನ್ ಯಾರ್ನ ಕೇಳನ?"

"ನಿನಗೇ ಏನಾದ್ರೂ ಆದ್ರೆ?"

"ನಂಗಾದ್ರೆ ಆಯ್ತದೆ." ಒಂದು ಹಿಡಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, ತುಟಿಯ ಒಂದು ಕಡೆಯಲ್ಲಿ ನಕ್ಕಳು. "ಒಂದ್ ಕೆಲ್ಸ ಮಾಡು. ನೀನು ಅವುನ್ನ ಬುಡು, ನಾನು ಒಪ್ಪತ್ತು ಬುಡ್ತೀನಿ."

ನಾನು ಕೆಳಗಿಟ್ಟ ಕಾಯಿಯನ್ನು ಮತ್ತೆ ಎತ್ತಿಕೊಂಡೆ.

"ತಮಾಸೆಗಂದೆ ಕಣೆ, ಮಕ ಯಾಕಂಗ್ ಮಾಡ್ತೀಯ? ಸುಲಿ ಸುಲಿ, ಒತ್ತೋಯ್ತದೆ."

ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಾಗಿತ್ತು. ಅದರಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ. ಆ ಮಾತಿನಿಂದ ಅವಳು ಎಂದೋ ಹೊರಗೆ ಬಂದಿದ್ದಳು, ನನಗೆ ತಿಳಿಸಿರಲಿಲ್ಲ ಅಷ್ಟೇ. ಆ ಮಾತಿಗೆ ಉತ್ತರವೆಂದು ನಾನು ಕಟ್ಟಿಕೊಂಡ ಬದುಕಿನಿಂದ ಅವಳಿಗೆ ಹೊರಗೆ ಬರಲು ಆಗಿರಲಿಲ್ಲ. ನಾವಿಬ್ಬರೂ ಮೊರ ತುಂಬುವವರೆಗೆ ಸುಲಿದೆವು.

ಮರುದಿನ, ಶನಿವಾರ ಬೆಳಿಗ್ಗೆ, ಅವ್ವ ತಲೆಗೆ ನೀರು ಹಾಕಿಕೊಳ್ಳಲು ಹೋದಾಗ, ನಾನು ಜಗಲಿಯ ಮೇಲೆ ಕುಳಿತು ನನ್ನ ಮಾರ್ಗದರ್ಶಕರಿಗೆ ಪತ್ರ ಬರೆದೆ. ಶನಿಯ ಕೆಲಸದಿಂದ ನನ್ನನ್ನು ಬಿಡಿಸಿ ಗುರುಗ್ರಹದ ಗುಂಪಿಗೆ ಹಾಕಬೇಕು, ಚುಕ್ಕಿಯ ಕಡತಗಳನ್ನು ಸೋಮವಾರ ಅವರು ಹೇಳಿದವರಿಗೆ ಒಪ್ಪಿಸುತ್ತೇನೆ, ಈ ವರ್ಷ ಅದು ಸಿಕ್ಕರೆ ಕಂಡುಹಿಡಿದವರಲ್ಲಿ ನನ್ನ ಹೆಸರು ಸೇರಿಸುವುದು ಬೇಡ ಎಂದು ಬರೆದೆ. ಕಾರಣ ಬರೆಯಲಿಲ್ಲ. ಒಂದು ಸಲ ಓದಿ ಕಳಿಸಿದೆ. ಒಳಗೆ ಹೋಗಿ, ಟವೆಲ್ ಸುತ್ತಿದ ತಲೆಯಲ್ಲಿ ನಿಂತಿದ್ದ ಅವ್ವನಿಗೆ, ನನ್ನನ್ನು ಬೇರೆ ಕಡೆ ಹಾಕಿದ್ದಾರೆ, ಇನ್ನು ಮೇಲೆ ಗುರು ಎಂದೆ.

"ಯಾವಾಗ?"

"ಈಗ ತಾನೆ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಗುರು ಒಳ್ಳೇನು," ಎಂದಳು. "ಯಾರ್ಗೂ ಕೆಟ್ಟದ್ ಮಾಡಕಿಲ್ಲ."

ನಾನು ಒಲೆ ಹಚ್ಚಿ, ಬಾಣಲೆ ಇಟ್ಟು, ಇಬ್ಬರಿಗೆ ಆಗುವಷ್ಟು ರವೆ ಹುರಿಯತೊಡಗಿದೆ.